ತಾನಾಗಿ ಸೇರಿದ್ದೋ, ಯಾರೋ ಸೇರಿಸಿದ್ದೋ

ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಕಳಿಸುವ ಮುಂಚೆ ಒಂದು ಸಲ ಕಣ್ಣಾಡಿಸಿ ಕೊಡಿ ಎಂದು ಕೇಳುವವರು ಬಂಗಾರಪೇಟೆ, ಕೆಜಿಎಫ್ ಕಡೆ ಇವತ್ತಿಗೂ ಇದ್ದಾರೆ. ಕನ್ನಡದಲ್ಲೇ ಬರೆಯಬಹುದಲ್ಲ ಎಂದರೆ, ‘ಇದು ಡೆಲ್ಲಿಗೆ ಹೋಗೋ ಕಾಗದ ಸಾರ್’ ಎನ್ನುತ್ತಾರೆ. ಅದೂ ನಿಜವೇ. ಇಲ್ಲಿಯ ಕೋಲಾರ ಚಿನ್ನದ ಗಣಿ 1962ರಿಂದ ಕೇಂದ್ರ ಸರ್ಕಾರದ್ದು. ಅದರ ಲೇಣಿದೇಣಿ, ಅದರ ಮನೆಗಳ ತಕರಾರು, ಅದರ ಪಳೆಯುಳಿಕೆಗಳ ಗತಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆದುಕೊಂಡು ಬಂದಿದೆ. ಈ ಕಾಗದಗಳಲ್ಲಿ ಕಟ್ಟಿಕೊಂಡ ಚರಂಡಿ, ಎತ್ತದ ಕಸ, ಬರಬೇಕಾದ ಬಾಕಿ, ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬದ ಧೂಳು ಹೀಗೆ ವಿಷಯ ಯಾವುದೇ ಇರಲಿ, ಒಂದು ಕ್ರಿಯಾಪದ ಮಾತ್ರ ತಪ್ಪದೆ ಬರುತ್ತದೆ: ಅಕ್ಯುಮುಲೇಟ್. ಅದು ಬಂದ ಕಡೆಯಲ್ಲೆಲ್ಲ ವಾಕ್ಯ ಎಡವುತ್ತದೆ.

‘ವಾಟರ್ ಈಸ್ ಅಕ್ಯುಮುಲೇಟೆಡ್ ಇನ್ ಫ್ರಂಟ್ ಆಫ್ ದಿ ಹೌಸ್.’ ‘ಗಾರ್ಬೇಜ್ ಗಾಟ್ ಅಕ್ಯುಮುಲೇಟೆಡ್.’ ‘ಡಸ್ಟ್ ವಾಸ್ ಅಕ್ಯುಮುಲೇಟೆಡ್ ಆನ್ ದಿ ವೆಸೆಲ್ಸ್.’ ಒಬ್ಬರ ಮನೆಮಾತು ತಮಿಳು, ಒಬ್ಬರದು ತೆಲುಗು, ಇನ್ನೊಬ್ಬರದು ಕನ್ನಡ. ಓದಿದ ಶಾಲೆ ಬೇರೆ, ವಯಸ್ಸು ಬೇರೆ. ಎಡವುವ ಜಾಗ ಮಾತ್ರ ಒಂದೇ. ಇದು ಹೇಗೆ ಎಂಬ ಗೊಂದಲಕ್ಕೆ ಬಿದ್ದು ಬರೆದುಕೊಂಡ ಟಿಪ್ಪಣಿಗಳಿವು.

*

ಮೊದಲು ಹೊಳೆದದ್ದು ಇಷ್ಟು. ನಮ್ಮ ಮಾತಿನಲ್ಲಿ ‘ಸೇರು’ ಬೇರೆ, ‘ಸೇರಿಸು’ ಬೇರೆ. ನೀರು ಸೇರಿತು ಎಂದರೆ ತಾನಾಗಿ ಬಂದು ನಿಂತದ್ದು. ನೀರು ಸೇರಿಸಿದರು ಎಂದರೆ ಯಾರೋ ತಂದು ಹುಯ್ದದ್ದು. ಕೂಡು, ಕೂಡಿಸು, ಕೂಡಿಬಂತು, ಕೂಡಿಹಾಕಿದ. ತಮಿಳಿನಲ್ಲೂ ಹಾಗೆಯೇ, ತಾನಾಗಿ ಆದರೆ ‘ಸೇರ್ಂದದು’, ಯಾರಾದರೂ ಮಾಡಿದರೆ ‘ಸೇರ್ತ್ತದು’. ತೆಲುಗಿನಲ್ಲಿ ‘ಚೇರು’ ಮತ್ತು ‘ಚೇರ್ಚು’. ಕೆಜಿಎಫ್‌ನ ಬೀದಿಯಲ್ಲಿ ಕೇಳುವ ಈ ಮೂರೂ ಭಾಷೆಗಳು, ಮಾಡಿದವನೊಬ್ಬ ಇದ್ದಾನೋ ಇಲ್ಲವೋ ಎಂಬುದನ್ನು ಕ್ರಿಯಾಪದದ ಬಾಲದಲ್ಲೇ ಹೇಳಿಬಿಡುತ್ತವೆ.

ಇಂಗ್ಲಿಷಿನ ಅಕ್ಯುಮುಲೇಟ್‌ಗೆ ಆ ಬಾಲ ಇಲ್ಲ. ಸೇರುವುದಕ್ಕೂ ಅದೇ, ಸೇರಿಸುವುದಕ್ಕೂ ಅದೇ. ‘ಡಸ್ಟ್ ಅಕ್ಯುಮುಲೇಟ್ಸ್’ ಎಂದರೆ ಧೂಳು ತಾನೇ ಕೂರುತ್ತದೆ. ‘ಹಿ ಅಕ್ಯುಮುಲೇಟೆಡ್ ಡೆಟ್ಸ್’ ಎಂದರೆ ಅವನು ಸಾಲ ಬೆಳೆಸಿಕೊಂಡ. ರೂಪ ಒಂದೇ, ಅರ್ಥ ಎರಡು. ನಮ್ಮವರಿಗೆ ಇದು ಬರಿಗಾಲಲ್ಲಿ ನಿಂತ ಹಾಗೆ ಕಾಣುತ್ತದೆ. ತಾನಾಗಿ ಆದದ್ದನ್ನು ತೋರಿಸಲು ಏನಾದರೂ ಅಂಟಿಸಲೇಬೇಕು ಎನ್ನಿಸುತ್ತದೆ. ‘ಸಂಗ್ರಹವಾಗಿದೆ’ ಎನ್ನುವಾಗಿನ ‘ಆಗು’ ಅಲ್ಲಿ ‘ಈಸ್’ ಆಗಿ, ‘ಗಾಟ್’ ಆಗಿ ಬಂದು ಕೂರುತ್ತದೆ. ಹಾಗೆ ಹುಟ್ಟಿದ್ದೇ ‘ಈಸ್ ಅಕ್ಯುಮುಲೇಟೆಡ್’.

ಅದರಿಂದ ಆಗುವ ತೊಂದರೆ ಕೇವಲ ವ್ಯಾಕರಣದ್ದಲ್ಲ. ಇಂಗ್ಲಿಷ್ ಓದುಗನಿಗೆ ‘ವಾಟರ್ ಈಸ್ ಅಕ್ಯುಮುಲೇಟೆಡ್’ ಎಂದರೆ ಯಾರೋ ಬೇಕೆಂದೇ ನೀರು ಕೂಡಿಡುತ್ತಿದ್ದಾರೆ ಎಂಬ ಅರ್ಥ, ತೊಟ್ಟಿ ತುಂಬಿಸಿದ ಹಾಗೆ. ಮನೆ ಮುಂದೆ ಕೊಳಚೆ ನಿಂತು ಸಂಕಟ ಪಡುವವರ ಅರ್ಜಿ ಸಂಕಟದ ಧ್ವನಿಯನ್ನೇ ಕಳೆದುಕೊಂಡು ಹೋಗುತ್ತದೆ. ಬರೆಯಬೇಕಾದ್ದು ಸರಳ: ‘ವಾಟರ್ ಹ್ಯಾಸ್ ಅಕ್ಯುಮುಲೇಟೆಡ್.’ ಈಗಾಗಲೇ ಸೇರಿ ನಿಂತಿದೆ ಎಂದರ್ಥ. ದಿನದಿನಕ್ಕೂ ಏರುತ್ತಿದ್ದರೆ ‘ಈಸ್ ಅಕ್ಯುಮುಲೇಟಿಂಗ್.’ ಇಷ್ಟೇ.

*

ಒಂದು ತಕರಾರು ನನಗೇ ಹುಟ್ಟಿತು. ಕನ್ನಡದಲ್ಲಿ ‘ಇಸು’ ಬಂದ ಕಡೆಯೆಲ್ಲ ಮಾಡಿಸಿದವನೊಬ್ಬ ಇರುತ್ತಾನೆಯೇ? ‘ಜನ ಜಮಾಯಿಸಿದರು’ ಎನ್ನುತ್ತೇವೆ. ಅಲ್ಲಿ ‘ಇಸು’ ಇದೆ, ಆದರೆ ಜನರನ್ನು ಯಾರೂ ತಂದು ಗುಡ್ಡೆ ಹಾಕಿಲ್ಲ. ಜಮಾ ಎಂಬುದು ಹೊರಗಿನಿಂದ ಬಂದ ಮಾತು; ಹೊರಗಿನ ಮಾತನ್ನು ಕ್ರಿಯಾಪದ ಮಾಡಿಕೊಳ್ಳಲು ಕನ್ನಡ ಬಳಸುವುದೂ ಇದೇ ‘ಇಸು’ವನ್ನೇ. ಆದ್ದರಿಂದ ನಿಯಮ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಆದರೂ ನೂರಕ್ಕೆ ತೊಂಬತ್ತು ಕಡೆ ಕಿವಿ ಆ ಬಾಲಕ್ಕಾಗಿ ಕಾಯುತ್ತದೆ. ಸಿಗದಿದ್ದರೆ ಕೈ ಅದನ್ನು ಅಂಟಿಸುತ್ತದೆ.

*

ಸಂಜೆ ಬಂಗಾರಪೇಟೆ. ಪಾನಿಪುರಿ ಗಾಡಿ. ಇಲ್ಲಿಯ ಪಾನಿ ಹಸಿರಲ್ಲ, ಕಂದಲ್ಲ. ಲೋಟದ ತಳ ಕಾಣುವಷ್ಟು ತಿಳಿ, ಬಾಯಿಗಿಟ್ಟರೆ ಮಾತ್ರ ಖಾರ ಗೊತ್ತಾಗುವುದು. ಸುತ್ತ ಜನ. ಹಿಂದೆ ಮುದುರಿ ಎಸೆದ ತಟ್ಟೆಗಳು ಬುಟ್ಟಿ ತುಂಬಿ ಹೊರಗೂ ಬಿದ್ದಿವೆ. ಇಲ್ಲಿ ಎರಡು ಕ್ರಿಯಾಪದಗಳ ಕೆಲಸ ಇದೆ. ಜನ ಅಕ್ಯುಮುಲೇಟ್ ಆಗುವುದಿಲ್ಲ, ಗ್ಯಾದರ್ ಆಗುತ್ತಾರೆ. ತಟ್ಟೆಗಳು ಅಕ್ಯುಮುಲೇಟ್ ಆಗುತ್ತವೆ. ಜನಕ್ಕೆ ಬರುವ ಮನಸ್ಸಿದೆ, ಹೋಗುವ ಮನಸ್ಸೂ ಇದೆ. ತಟ್ಟೆಗೆ ಎರಡೂ ಇಲ್ಲ. ಎತ್ತುವವರಿಲ್ಲದೆ ಉಳಿಯುತ್ತದೆ, ಉಳಿದು ಹೆಚ್ಚುತ್ತದೆ. ಕನ್ನಡದಲ್ಲಿ ಜನ ನೆರೆಯುತ್ತಾರೆ, ಕಸ ರಾಶಿ ಬೀಳುತ್ತದೆ. ಈ ಭೇದ ನಮಗೆ ಹುಟ್ಟಿನಿಂದಲೇ ಗೊತ್ತು. ಇಂಗ್ಲಿಷಿಗೆ ಹೋದಾಗ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ.

ಕಲೆಕ್ಟ್ ಮತ್ತೊಂದು. ಬಿಲ್ ಹಣ, ಚಂದಾ, ಸಹಿ ಇವೆಲ್ಲ ಕಲೆಕ್ಟ್ ಮಾಡುವಂಥವು; ಹೋಗಿ ಕೇಳಿ ತರುವುದು ಅಲ್ಲಿ ಮುಖ್ಯ. ಗಾರ್ನರ್ ಎಂಬುದರ ಬೇರು ಕಣಜ. ಪತ್ರಿಕೆಗಳು ಮತಕ್ಕೂ ಬೆಂಬಲಕ್ಕೂ ಬಳಸುತ್ತವೆ. ಅರ್ಜಿಗೆ ಅದು ಬೇಡ. ಕಾಗುಣಿತದ ಮಾತೂ ಒಂದು ಸಾಲು: ಅಕ್ಯುಮುಲೇಟ್‌ನಲ್ಲಿ ‘ಸಿ’ ಎರಡು, ‘ಎಂ’ ಒಂದೇ. ಎರಡೆರಡು ಇರುವುದು ಅಕಾಮಡೇಟ್‌ನಲ್ಲಿ.

*

ಗಣಿಯಲ್ಲಿ ದುಡಿದವರ ಕಾಗದಗಳಲ್ಲಿ ಹೆಚ್ಚು ಕಲಸಿಹೋಗುವುದು ಅಕ್ಯುಮುಲೇಟ್ ಮತ್ತು ಅಕ್ರೂ. ಇಲ್ಲಿ ಪದ ತಪ್ಪಿದರೆ ಹಕ್ಕಿನ ಸ್ವರೂಪವೇ ಬದಲಾದಂತೆ ಕಾಣುತ್ತದೆ, ಅದಕ್ಕೇ ಸ್ವಲ್ಪ ನಿಂತು ನೋಡಬೇಕು.

1952ರ ಗಣಿ ಕಾಯ್ದೆ ನೆಲದಡಿ ಕೆಲಸ ಮಾಡುವವರಿಗೆ ದುಡಿದ ಪ್ರತಿ 15 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಕೊಡುತ್ತಿತ್ತು. ಮೇಲೆ ಕೆಲಸ ಮಾಡುವವರಿಗೆ 20 ದಿನಕ್ಕೆ ಒಂದು. ಬಳಸದ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದಿತ್ತು, ಒಟ್ಟು 30 ದಿನ ಮೀರುವಂತಿರಲಿಲ್ಲ. ಈ ಕೂಡಿಡುವಿಕೆಗೆ ಕಾಯ್ದೆ ಬಳಸಿದ್ದು ಅಕ್ಯುಮುಲೇಟ್ ಪದವನ್ನೇ, ಅದೂ ಕಾರ್ಮಿಕನೇ ಕೂಡಿಡುವವನು ಎಂಬಂತೆ. ಅದು ಸರಿಯಾದ ಬಳಕೆ. ರಜೆ ತೆಗೆದುಕೊಳ್ಳುವುದೂ ಬಿಡುವುದೂ ಅವನ ಕೈಯಲ್ಲಿತ್ತು, ಅವನು ಉಳಿಸಿಟ್ಟ.

ಗ್ರಾಚ್ಯುಟಿ ಹಾಗಲ್ಲ. 1972ರ ಕಾಯ್ದೆಯ ಪ್ರಕಾರ ಐದು ವರ್ಷ ಸತತ ಸೇವೆ ಮುಗಿಸಿದವರಿಗೆ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ ಇತ್ತು. ಅದು ಯಾರೂ ಡಬ್ಬಿಗೆ ಹಾಕಿ ಕೂಡಿಟ್ಟದ್ದಲ್ಲ. ದುಡಿಮೆಯ ಜೊತೆಜೊತೆಗೆ ಹುಟ್ಟಿ ಬೆಳೆದ ಹಕ್ಕು. ಅಂಥದ್ದಕ್ಕೆ ಇಂಗ್ಲಿಷಿನಲ್ಲಿ ಅಕ್ರೂ. ಬೇರಿನಲ್ಲೇ ‘ಬೆಳೆ’ ಎಂಬ ಅರ್ಥ ಇರುವ ಪದ. ಬಡ್ಡಿ ಅಕ್ರೂ ಆಗುತ್ತದೆ, ಹಕ್ಕು ಅಕ್ರೂ ಆಗುತ್ತದೆ. ಕೊಡಬೇಕಾದವರು ಕೊಡದೆ ಹೋದಾಗ ಬಾಕಿ ಅಕ್ಯುಮುಲೇಟ್ ಆಗುತ್ತದೆ. ಹಕ್ಕು ಬೆಳೆಯಿತು, ಬಾಕಿ ಬೆಟ್ಟವಾಯಿತು: ಒಂದೇ ಹಣದ ಎರಡು ಮುಖ, ಎರಡು ಕ್ರಿಯಾಪದ. ‘ಮೈ ಗ್ರಾಚ್ಯುಟಿ ಅಕ್ರೂಡ್, ದಿ ಅರಿಯರ್ಸ್ ಹ್ಯಾವ್ ಅಕ್ಯುಮುಲೇಟೆಡ್’ ಎಂದು ಬರೆದರೆ ಎರಡೂ ಸ್ಪಷ್ಟ. ಭವಿಷ್ಯನಿಧಿಯ ಕಾಗದಗಳಲ್ಲಿ ಮಾತ್ರ ‘ಅಕ್ಯುಮುಲೇಷನ್ಸ್’ ಎಂಬ ನಾಮಪದವೇ ರೂಢಿ. ಅಲ್ಲಿ ತಿಂಗಳು ತಿಂಗಳು ಸಂಬಳದಿಂದ ಕಡಿದು ಹಾಕಿದ ಹಣ ನಿಜವಾಗಿಯೂ ಒಂದು ಖಾತೆಯಲ್ಲಿ ಕೂಡಿರುತ್ತದೆ.

*

ಇದೇ ಪದ ಕೆಜಿಎಫ್‌ನ ಗಣಿಯನ್ನು ಬಾಗಿಲು ಮುಚ್ಚುವ ಹಾದಿಗೆ ತಂದ ಕಾನೂನಿನಲ್ಲೂ ಇತ್ತು.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಿಂದ ಇಲ್ಲಿ ಗಣಿ ನಡೆಸಿತು. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಆಮೇಲೆ 1985ರ ರೋಗಗ್ರಸ್ತ ಕೈಗಾರಿಕೆಗಳ ಕಾಯ್ದೆ. ಯಾವುದೇ ಹಣಕಾಸು ವರ್ಷದ ಕೊನೆಗೆ ಕಂಪನಿಯ ಅಕ್ಯುಮುಲೇಟೆಡ್ ನಷ್ಟ ಅದರ ಇಡೀ ನಿವ್ವಳ ಮೌಲ್ಯಕ್ಕೆ ಸಮವಾದರೆ ಅಥವಾ ಮೀರಿದರೆ ಅದು ರೋಗಗ್ರಸ್ತ ಎಂದು ಆ ಕಾಯ್ದೆ ಹೇಳಿತು. ನಮ್ಮ ಕನ್ನಡ ಪತ್ರಿಕೆಗಳು ಇದನ್ನು ‘ಸಂಚಿತ ನಷ್ಟ’ ಎಂದು ಬರೆದವು. ಗಣಿ ಆ ಕಾಯ್ದೆಯಡಿಯ ಮಂಡಳಿಯಾದ ಬಿಐಎಫ್ಆರ್ ಮುಂದೆ ಹೋಯಿತು. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು.

ಸಂಚಿತ ನಷ್ಟ. ವ್ಯಾಕರಣದಲ್ಲಿ ಇದೊಂದು ವಿಶೇಷಣ, ತಪ್ಪೇನೂ ಇಲ್ಲ. ಆದರೆ ಎಷ್ಟು ಸಲ ಓದಿದರೂ ನನಗೆ ಅದು ಮುಳ್ಳಿನ ಹಾಗೆ ಚುಚ್ಚುತ್ತದೆ. ನಷ್ಟ ತಾನಾಗಿ ಸೇರಿತೇ? ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿದದ್ದು ನಿಜ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಗಾಳಿ ತಂಪು ಮಾಡಿ ಇಳಿಸಬೇಕು, ನೀರು ಎತ್ತಬೇಕು, ಖರ್ಚು ಏರಿದ್ದೂ ನಿಜ. ಹಾಗೆಯೇ, ಒಂದು ಕಾಲದಲ್ಲಿ ಇಲ್ಲಿಯ ಚಿನ್ನ ಸರ್ಕಾರಕ್ಕೆ ಹೋದದ್ದು ದೇಶದ ಮಾರುಕಟ್ಟೆಯ ಬೆಲೆಗಲ್ಲ, ಅದಕ್ಕಿಂತ ಕಡಿಮೆ ಇದ್ದ ಅಂತರರಾಷ್ಟ್ರೀಯ ಬೆಲೆಗೆ. ಅದೂ ನಿಜ. ನಷ್ಟದಲ್ಲಿ ಭೂಮಿಯ ಪಾಲೂ ಇದೆ, ಮನುಷ್ಯರ ತೀರ್ಮಾನದ ಪಾಲೂ ಇದೆ. ‘ಅಕ್ಯುಮುಲೇಟೆಡ್’ ಎಂಬ ಒಂದೇ ಪದ ಎರಡನ್ನೂ ಒಂದೇ ಗುಡ್ಡೆ ಮಾಡಿ ಕೆಳಗೆ ಗೆರೆ ಎಳೆಯುತ್ತದೆ.

*

ಕರ್ತೃ ಇಲ್ಲದೆ ಸರಿಯಾಗಿ ನಿಲ್ಲುವ ಕಡೆಗಳೂ ಇದೇ ಊರಲ್ಲಿವೆ.

ಆಳದ ಬಂಡೆಯಲ್ಲಿ ಒತ್ತಡ ಸೇರುತ್ತ ಹೋಗುತ್ತದೆ. ಅದಿರು ತೆಗೆದ ಟೊಳ್ಳಿನ ಸುತ್ತ ಮೇಲಿನ ಭಾರವೆಲ್ಲ ಅಂಚಿಗೆ ಬಂದು ಕೂರುತ್ತದೆ. ಒಂದು ಗಳಿಗೆಗೆ ಬಂಡೆ ತಡೆಯಲಾರದೆ ಸಿಡಿಯುತ್ತದೆ. ಗಣಿ ಭಾಷೆಯಲ್ಲಿ ರಾಕ್ ಬರ್ಸ್ಟ್. ಎಷ್ಟು ಜೀವ ಹೋಗಿವೆ ಎಂಬುದು ಕಾರ್ಮಿಕರ ಲೈನುಮನೆಗಳಿಗೆ ಗೊತ್ತು. ‘ಸ್ಟ್ರೆಸ್ ಅಕ್ಯುಮುಲೇಟ್ಸ್’ ಎಂಬ ವಾಕ್ಯ ಅಲ್ಲಿ ಪೂರ್ಣ ಸತ್ಯ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಚಾಂಪಿಯನ್ ರೀಫ್ಸ್‌ನಲ್ಲೇ ಹುಟ್ಟಿದ್ದು ಇಂಥ ಬಂಡೆಯ ನಡತೆಯನ್ನು ಅರಿಯಲು.

ಇನ್ನೊಂದು ಕಡೆ ‘ವಾಸ್ ಅಕ್ಯುಮುಲೇಟೆಡ್’ ಕೂಡ ಸರಿಯಾಗುತ್ತದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರ ಜೊತೆಗೂಡಿ, ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು ವಾಯುಮಂಡಲದ ನ್ಯೂಟ್ರಿನೋಗಳ ಗುರುತು ಹಿಡಿದರು. ಮೇಲಿನ ಬಂಡೆ ಬೇರೆ ಕಣಗಳನ್ನು ಬಹುಮಟ್ಟಿಗೆ ತಡೆದು ನಿಲ್ಲಿಸುತ್ತಿತ್ತು. ತಿಂಗಳುಗಟ್ಟಲೆ ಕಾದರೆ ಒಂದೊಂದು ಘಟನೆ. ಅಂಥ ದತ್ತಾಂಶ ತಾನಾಗಿ ಸೇರಿದ್ದಲ್ಲ. ಜನ ಕತ್ತಲಲ್ಲಿ ಇಳಿದು ಕಾದು ಸೇರಿಸಿದ್ದು. ‘ಡೇಟಾ ವರ್ ಅಕ್ಯುಮುಲೇಟೆಡ್’ ಎಂದರೆ ಅಲ್ಲಿ ಕೈಗಳಿವೆ ಎಂದರ್ಥ. ಕರ್ಮಣಿ ಪ್ರಯೋಗ ತಪ್ಪಲ್ಲ, ಮಾಡಿದವರಿರುವ ಕಡೆ ಅದು ಇರಬೇಕು ಅಷ್ಟೆ.

*

ಕಮ್ಮಸಂದ್ರ. ಬಂಗಾರಪೇಟೆಗೂ ಕೆಜಿಎಫ್‌ಗೂ ಹತ್ತಿರದ ಊರು. ಕೋಟಿಲಿಂಗೇಶ್ವರ. 108 ಅಡಿಯ ದೊಡ್ಡ ಲಿಂಗದ ಸುತ್ತ ಕಣ್ಣು ಹೋದಷ್ಟು ದೂರ ಸಣ್ಣ ಲಿಂಗಗಳು, ಸಾಲು ಸಾಲು. ಹರಕೆ ಹೊತ್ತವರು ಒಂದೊಂದೇ ಪ್ರತಿಷ್ಠೆ ಮಾಡಿಸುತ್ತ ಬಂದದ್ದು. ಇಲ್ಲಿ ಯಾವ ವಾಕ್ಯ? ಪ್ರತಿ ಲಿಂಗಕ್ಕೂ ಒಬ್ಬ ಭಕ್ತ ಇದ್ದಾನೆ. ಕರ್ತೃ ಇಲ್ಲ ಎನ್ನುವಂತಿಲ್ಲ. ಆದರೆ ಇಡೀ ರಾಶಿಗೆ ಒಬ್ಬನೇ ಕರ್ತೃ ಇಲ್ಲ. ಇಲ್ಲಿ ‘ಹ್ಯಾವ್ ಅಕ್ಯುಮುಲೇಟೆಡ್’ ಎಂದು ಬರೆದರೆ ನನ್ನ ಮನಸ್ಸು ಒಪ್ಪುತ್ತದೆ. ಒಬ್ಬರಿಗೊಬ್ಬರು ಗೊತ್ತಿಲ್ಲದ ಸಾವಿರಾರು ಜನರ ಕೆಲಸ ಕಾಲದಲ್ಲಿ ಕೂಡಿಬಂದಿದೆ. ಅದು ಕೂಡಿಬಂದದ್ದೇ.

ಹಾಗಾದರೆ ಸೈನೈಡ್ ದಿಬ್ಬಗಳು?

*

ಈ ಟಿಪ್ಪಣಿಗಳ ಗೊಂದಲವೆಲ್ಲ ಬಂದು ನಿಲ್ಲುವುದು ಅಲ್ಲಿ.

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಬೆಮಲ್ ನಗರ, ಕೋರಮಂಡಲ್, ಊರ್ಗಾಂ, ಚಾಂಪಿಯನ್ ದಾಟುವಷ್ಟರಲ್ಲಿ ಅವು ಕಣ್ಣಿಗೆ ಬೀಳುತ್ತವೆ. ದೂರದಿಂದ ಗುಡ್ಡ. ಹತ್ತಿರ ಹೋದರೆ ಕಲ್ಲಿಲ್ಲದ, ಗಟ್ಟಿ ಮಣ್ಣೂ ಅಲ್ಲದ ನಯವಾದ ಪುಡಿ. ಮಳೆ ಕೊರೆದ ಕಂದಕಗಳು ಮೇಲಿನಿಂದ ಬುಡದವರೆಗೆ ಇಳಿದಿವೆ. ಮುಟ್ಟಿದರೆ ಬೆರಳಿಗೆ ಹಿಟ್ಟಿನ ಹಾಗೆ ಅಂಟುತ್ತದೆ. ಹಸಿರು ಅಲ್ಲೊಂದು ಇಲ್ಲೊಂದು ಪೊದೆ ಅಷ್ಟೇ. 1887ರಲ್ಲಿ ಗ್ಲಾಸ್ಗೋದ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಆ ವಿಧಾನ ಬಂದ ಮೇಲೆ ಕಲ್ಲನ್ನು ಪುಡಿ ಮಾಡಿ, ಚಿನ್ನ ತೆಗೆದು, ಉಳಿದದ್ದನ್ನು ಇಲ್ಲಿ ಸುರಿದರು. ನೂರಿಪ್ಪತ್ತು ವರ್ಷದಲ್ಲಿ ಈ ನೆಲದಿಂದ ಹೊರಬಂದ ಚಿನ್ನ 800 ಟನ್ನಿಗೂ ಮೇಲು. ಹಿಂದೆ ಉಳಿದದ್ದು 13 ದಿಬ್ಬಗಳು, ಸುಮಾರು 3.3 ಕೋಟಿ ಟನ್ ಪುಡಿ.

ಇಂಗ್ಲಿಷಿನಲ್ಲಿ ಸಂಪತ್ತು ರಾಶಿ ಹಾಕಿಕೊಳ್ಳುವುದಕ್ಕೆ ಅಮಾಸ್ ಎಂಬ ಪದ ಇದೆ. ಅದು ಕರ್ತೃವನ್ನು ಕೇಳಿಯೇ ಕೇಳುತ್ತದೆ. ಸಂಪತ್ತು ಬರೆಯುವಾಗ ಯಾರು ಕೂಡಿಟ್ಟರು ಎಂದು ಹೇಳಲೇಬೇಕು. ಪುಡಿಯ ಮಾತು ಬಂದಾಗ ‘ಟೇಲಿಂಗ್ಸ್ ಹ್ಯಾವ್ ಅಕ್ಯುಮುಲೇಟೆಡ್’ ಎಂದು ಬರೆದುಬಿಡಬಹುದು. ವ್ಯಾಕರಣ ಒಪ್ಪುತ್ತದೆ, ಯಾವ ಪರೀಕ್ಷಕನೂ ಅಂಕ ಕಡಿಯಲಾರ. ಮೋಡ ಕವಿದ ಹಾಗೆ, ಮರಳು ದಿಣ್ಣೆ ಬಿದ್ದ ಹಾಗೆ, ಈ ದಿಬ್ಬಗಳೂ ಬಂದು ಕೂತಂತೆ ಆಗಿಬಿಡುತ್ತದೆ. ಕಮ್ಮಸಂದ್ರದ ಲಿಂಗಗಳಿಗೆ ಒಪ್ಪಿದ ವಾಕ್ಯ ಇಲ್ಲಿ ಒಪ್ಪುವುದಿಲ್ಲ. ಇದಕ್ಕೆ ಒಡೆಯರಿದ್ದರು. ಎಲ್ಲಿ ಸುರಿಯಬೇಕು ಎಂದು ಜಾಗ ಗೊತ್ತುಮಾಡಿದವರಿದ್ದರು. ಮೊದಲು ಲಂಡನ್ನಿನ ಷೇರುದಾರರ ಕಂಪನಿಗಳು, ಆಮೇಲೆ ನಮ್ಮವೇ ಸರ್ಕಾರಗಳು. ಇವರು ಸೇರಿಸಿದರು, ಅದು ಸೇರಲಿಲ್ಲ.

ಧೂಳಿನ ಮಾತು ಬೇರೆ. ಆಷಾಢದ ಗಾಳಿ ಎದ್ದಾಗ ದಿಬ್ಬದ ಮೇಲಿನ ಪುಡಿ ಹಾರಿ ಮನೆ ಮೇಲೆ, ಒಣಗಿಸಿದ ಬಟ್ಟೆ ಮೇಲೆ, ಮುಚ್ಚಳ ಹಾಕಿದ ಪಾತ್ರೆಯ ಒಳಗೂ ಕೂರುತ್ತದೆ. ಅದನ್ನು ಯಾರೂ ತಂದು ಹಾಕುವುದಿಲ್ಲ. ‘ಡಸ್ಟ್ ಅಕ್ಯುಮುಲೇಟ್ಸ್’ ಎಂದೇ ಬರೆಯಬೇಕು. ಕೆಳಗೆ ಕಲ್ಲು ಕೊರೆದವರ ಪುಪ್ಪುಸದಲ್ಲಿ ಸಿಲಿಕಾ ಸೇರಿದ್ದಕ್ಕೂ ಅದೇ ವಾಕ್ಯ. ಕೋಲಾರದ ಗಣಿ ಕಾರ್ಮಿಕರಲ್ಲಿ ಸಿಲಿಕೋಸಿಸ್ ಇರುವುದು 1940ರ ದಶಕದ ಸಮೀಕ್ಷೆಯಲ್ಲೇ ದಾಖಲಾಗಿತ್ತು. ಉಸಿರು ಎಳೆದವನು ಧೂಳು ಕೂಡಿಡಲಿಲ್ಲ. ಎಳೆಯದೆ ಬದುಕುವಂತಿರಲಿಲ್ಲ. ಧೂಳು ಸೇರಿತು. ಆದರೆ ಆ ವಾಕ್ಯದ ಹಿಂದಿನ ವಾಕ್ಯಕ್ಕೆ ಕರ್ತೃ ಇರಬೇಕು: ದಿಬ್ಬ ಹಾಕಿದವರು ಯಾರು, ಮುಚ್ಚದೆ ಬಿಟ್ಟವರು ಯಾರು, ಒಣ ಬಂಡೆ ಕೊರೆಸಿದವರು ಯಾರು.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಈ 13 ದಿಬ್ಬಗಳಿರುವ ಸಾವಿರ ಎಕರೆಗೂ ಮೀರಿದ ಜಾಗದಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಇನ್ನು ಮುಂದೆ ಇಂಗ್ಲಿಷ್ ಕಾಗದಗಳು ಇನ್ನಷ್ಟು ಓಡಾಡುತ್ತವೆ. ಟೆಂಡರ್, ಪರಿಸರ ವರದಿ, ಸಾರ್ವಜನಿಕ ಅಹವಾಲು. ಅವುಗಳಲ್ಲಿ ಈ ಕ್ರಿಯಾಪದ ಖಂಡಿತ ಬರುತ್ತದೆ.

ಅದಕ್ಕೇ ಕೆಜಿಎಫ್, ಬಂಗಾರಪೇಟೆಯ ಇಂಗ್ಲಿಷ್ ಮೇಷ್ಟ್ರುಗಳಲ್ಲಿ, ಅರ್ಜಿ ಬರೆಯುವವರಲ್ಲಿ ನನ್ನ ಕೋರಿಕೆ ಇದು. ‘ಈಸ್ ಅಕ್ಯುಮುಲೇಟೆಡ್’ ಬಿಡಿ, ‘ಹ್ಯಾಸ್ ಅಕ್ಯುಮುಲೇಟೆಡ್’ ಬರೆಯಿರಿ. ಅಷ್ಟು ಕಲಿಸಲು ಒಂದು ಪಿರಿಯಡ್ ಸಾಕು. ಆದರೆ ಬರೆಯುವ ಮುಂಚೆ, ಇದು ಸೇರಿದ್ದೋ ಸೇರಿಸಿದ್ದೋ ಎಂದು ನಿಮ್ಮ ಮಾತಿನಲ್ಲೇ ಒಮ್ಮೆ ಕೇಳಿಕೊಳ್ಳಿ. ಸೇರಿಸಿದ್ದಾದರೆ, ಸೇರಿಸಿದವರ ಹೆಸರನ್ನು ವಾಕ್ಯದ ಮೊದಲಲ್ಲಿ ಬರೆಯಿರಿ.